ಹಳೆಯ ಟೆಂಪೋ ಟ್ರಾವೆಲರ್ ಅನ್ನು ಕ್ಯಾರವಾನ್ ಮಾಡ್ತಿದ್ದೇವೆ, ಕಡಿಮೆ ಖರ್ಚಿನಲ್ಲಿ ಇನ್ಸುಲೇಶನ್ ಹೇಗೆ?

ನೀವು ಕೇಳಿರುವುದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಸೆಕೆಂಡ್ ಹ್ಯಾಂಡ್ ಟ್ರಾವೆಲರ್, ಸೀಟು ಕಿತ್ತು ಇಬ್ಬರಿಗೆ ಹಾಸಿಗೆ, ಸಣ್ಣ ಅಡುಗೆ ಕಟ್ಟೆ. ಬೇಸಿಗೆಯಲ್ಲಿ ಕಲಬುರಗಿ, ಬೀದರ್ ಕಡೆ ಓಡಾಟ, ಆಮೇಲೆ ಮಲೆನಾಡು, ಒಮ್ಮೆ ಹಿಮಾಚಲದ ಚಳಿ ಕಣಿವೆ ಸ್ಪಿತಿಗೂ ಹೋಗುವ ಆಸೆ. ಥರ್ಮೋಕೋಲ್ ಸಾಕೇ, ಎಷ್ಟು ದಪ್ಪ ಬೇಕು, ಎಲ್ಲಿಂದ ಶುರು ಮಾಡಬೇಕು ಅನ್ನೋದು ಪ್ರಶ್ನೆ.

ಗೋಡೆಯಿಂದ ಮಾತ್ರ ಶುರು ಮಾಡಬೇಡಿ. ಹೆಚ್ಚಿನವರ ದುಡ್ಡು ಹಾಳಾಗುವುದೇ ಅಲ್ಲಿ. ಕಿಟಕಿ, ಡ್ರೈವರ್ ಕ್ಯಾಬಿನ್, ಚಾವಣಿ, ನೆಲ, ಕೊನೆಗೆ ಗೋಡೆ: ನನ್ನ ಪ್ರಕಾರ ಖರ್ಚಿನ ಕ್ರಮ ಇದು. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಬರೀ ತಗಡಿನ ಗೋಡೆಯ ಒಂದು ಚದರ ಮೀಟರ್ ಜಾಗದಲ್ಲಿ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 6 ವ್ಯಾಟ್ ಶಾಖ ದಾಟುತ್ತೆ. ಅದಕ್ಕೆ 25 ಎಂಎಂ ಒಳ್ಳೆ ಫೋಮ್ ಹಚ್ಚಿದರೆ ಅದು 1.1ರ ಆಸುಪಾಸಿಗೆ ಇಳಿಯುತ್ತೆ. 50 ಎಂಎಂ ಹಾಕಿದರೆ 0.6. ಅಂದರೆ ಮೊದಲ ಒಂದು ಇಂಚು ಸೋರಿಕೆಯ ನೂರರಲ್ಲಿ ಎಂಬತ್ತು ಪಾಲು ತಡೆಯುತ್ತೆ, ಎರಡನೇ ಇಂಚು ತಡೆಯುವುದು ಇನ್ನು ಎಂಟು-ಒಂಬತ್ತು ಪಾಲು ಅಷ್ಟೇ. ಇನ್ನು ಗಾಜು. ಪ್ಯಾಸೆಂಜರ್ ಟ್ರಾವೆಲರ್ ಆದರೆ ಕಿಟಕಿಗಳೆಲ್ಲ ಸೇರಿ 4 ಚದರ ಮೀಟರ್, ಉಳಿದ ಮೈ 24 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಒಂದೇ ಪದರದ ಗಾಜು ತಗಡಿಗಿಂತ ಹೆಚ್ಚೇನೂ ತಡೆಯಲ್ಲ. 24 ಚದರ ಮೀಟರಿಗೂ 25 ಎಂಎಂ ಫೋಮ್ ಹಾಕಿ ಗಾಜನ್ನು ಹಾಗೇ ಬಿಟ್ಟರೆ, ಆ ಏಳನೇ ಒಂದು ಪಾಲು ಜಾಗದಿಂದಲೇ ಹೆಚ್ಚುಕಡಿಮೆ ಅರ್ಧ ಶಾಖ ಹೋಗುತ್ತೆ. ಗಾಜು ಮುಚ್ಚದೆ ಗೋಡೆಗೆ ಎರಡು ಇಂಚು ತುಂಬುವುದರಲ್ಲಿ ಅರ್ಥವಿಲ್ಲ.

ಕಿಟಕಿಗೆ ಅಗ್ಗದ ದಾರಿ: ಹಳೆ ಪೇಪರ್ ಒತ್ತಿ ಪ್ರತಿ ಕಿಟಕಿಯ ನಕಲು ತೆಗೆಯಿರಿ. ಒಂದು ಬದಿಗೆ ಅಲ್ಯೂಮಿನಿಯಂ ಫಾಯಿಲ್ ಇರುವ, ಮೆತ್ತನೆ ಪ್ಲಾಸ್ಟಿಕ್‌ನ 10 ಎಂಎಂ ಎಕ್ಸ್‌ಎಲ್‌ಪಿಇ ಫೋಮ್ ಶೀಟನ್ನು ಆ ನಕಲಿಗಿಂತ ಸುತ್ತಲೂ 5 ಎಂಎಂ ದೊಡ್ಡದಾಗಿ ಕತ್ತರಿಸಿದರೆ ಚೌಕಟ್ಟಿನೊಳಗೆ ಬಿಗಿಯಾಗಿ ಕೂರುತ್ತೆ, ಸಕ್ಷನ್ ಕಪ್ ಬೇಕಾಗಲ್ಲ. ಫಾಯಿಲ್ ಬದಿ ಹೊರಗಡೆಗೆ. ಒಳಬದಿಗೆ ಹಳೆ ಕಾಟನ್ ಬಟ್ಟೆ ಹೊಲಿದರೆ ನೋಡಲೂ ಚೆನ್ನ. ಪ್ರತಿ ಫಲಕದ ಹಿಂದೆ ಅದು ಯಾವ ಕಿಟಕಿಯದು ಅಂತ ಬರೆದಿಡಿ, ಎಲ್ಲವೂ ಒಂದೇ ಥರ ಕಂಡರೂ ಒಂದರದು ಇನ್ನೊಂದಕ್ಕೆ ಕೂರಲ್ಲ. ಇಷ್ಟಕ್ಕೇ ಗಾಜಿನ ಸೋರಿಕೆ ಅರ್ಧಕ್ಕಿಂತ ಕೆಳಗೆ ಬರುತ್ತೆ. ಆದರೆ ಕಲಬುರಗಿ ಬಿಸಿಲಿಗೆ ಒಳಗಿನ ಫಲಕಕ್ಕಿಂತ ಹೊರಗಿನ ನೆರಳೇ ಮೇಲು, ಯಾಕಂದರೆ ಗಾಜು ದಾಟಿ ಬಂದ ಬಿಸಿಲು ಆಗಲೇ ನಿಮ್ಮ ಮನೆಯೊಳಗಿದೆ. ಟಿಂಟ್ ಫಿಲ್ಮ್ ಅಂಟಿಸಿ ಪೊಲೀಸರ ಹತ್ತಿರ ವಾದಕ್ಕೆ ನಿಲ್ಲುವ ಬದಲು, ನಿಲ್ಲಿಸಿದಾಗ ಹಾಕಿ ಓಡಿಸುವಾಗ ತೆಗೆಯುವ ಇಂಥ ಫಲಕವೇ ವಾಸಿ.

ಮುಂದಿನ ಗಾಜು ಎಲ್ಲಕ್ಕಿಂತ ದೊಡ್ಡ ತೂತು. ಕ್ಯಾಬಿನ್ ಮತ್ತು ವಾಸದ ಜಾಗದ ನಡುವೆ ದಪ್ಪ ಪರದೆ ಇಳಿಬಿಟ್ಟರೆ ಬಿಸಿ ಮಾಡಬೇಕಾದ, ತಂಪು ಮಾಡಬೇಕಾದ ಜಾಗವೇ ಕಡಿಮೆಯಾಗುತ್ತೆ. ಇದಕ್ಕೆ ಅಂಗಡಿ ಸಾಮಾನು ಯಾವುದೂ ಬೇಡ. ಮನೆಯಲ್ಲಿ ಹಳೆ ಕೌದಿ ಇದ್ದರೆ ಅದಕ್ಕೆ ಒಂದು ಕಂಬಳಿ ಜೋಡಿಸಿ ಹೊಲಿಸಿ. ಕೆಳಗೆ ನೆಲದ ಮೇಲೆ ನಾಲ್ಕು ಇಂಚು ಬೀಳುವಷ್ಟು ಉದ್ದ ಇರಲಿ, ಎರಡೂ ಪಕ್ಕಕ್ಕೆ ವೆಲ್ಕ್ರೋ ಬರಲಿ. ಅಂಚು ತೆರೆದ ಪರದೆಯಿಂದ ತಣ್ಣನೆ ಗಾಳಿ ಅಡಿಯಲ್ಲೇ ಹರಿದು ಬರುತ್ತೆ. ಇದೇ ಹೊತ್ತಿನಲ್ಲಿ ಬಾಗಿಲಿನ ರಬ್ಬರನ್ನೂ ನೋಡಿಬಿಡಿ. ಒಂದು ಪೇಪರ್ ಚೂರು ಇಟ್ಟು ಬಾಗಿಲು ಹಾಕಿ ಎಳೆದಾಗ ಸಲೀಸಾಗಿ ಬಂದರೆ ಆ ಜಾಗದ ರಬ್ಬರ್ ಸತ್ತಿದೆ, ಬದಲಿಸಿ.

ಈಗ ಸಾಮಗ್ರಿ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುವುದರಿಂದ ಗುಣ ಮಾತ್ರ ಹೇಳ್ತೇನೆ.

ಥರ್ಮೋಕೋಲ್ ಎಲ್ಲಕ್ಕಿಂತ ಅಗ್ಗ, ಶಾಖ ತಡೆಯುವುದರಲ್ಲಿ ಕಳಪೆಯೂ ಅಲ್ಲ. ತೊಂದರೆ ಬೇರೆ ಇವೆ. ಗಾಡಿ ಕುಲುಕಿದಾಗ ತಗಡಿಗೆ ಉಜ್ಜಿ ಕಿರಗುಟ್ಟುತ್ತೆ, ಕಾಳು ಕಾಳಾಗಿ ಉದುರುತ್ತೆ, ಬೆಂಕಿ ಬಿದ್ದರೆ ಕರಗಿ ಉರಿಯುತ್ತೆ. ತಗೊಳ್ಳುವುದಾದರೆ ಬೆಂಕಿ ನಿರೋಧಕ ಗ್ರೇಡ್ ಕೇಳಿ. ಪಿವಿಸಿ ವೈರ್ ಅದಕ್ಕೆ ತಾಗಿಕೊಂಡಿದ್ದರೆ ವೈರಿನ ಹೊದಿಕೆ ಕಾಲಕ್ರಮೇಣ ಒರಟಾಗಿ ಬಿರುಕು ಬಿಡುತ್ತೆ, ಹಾಗಾಗಿ ವೈರೆಲ್ಲ ಪೈಪಿನೊಳಗೆ ಹೋಗಬೇಕು. ಎಕ್ಸ್‌ಪಿಎಸ್ ಶೀಟ್ ಅದರ ಗಟ್ಟಿ ಅಣ್ಣ: ನೀರು ಕುಡಿಯಲ್ಲ, ತುಳಿದರೂ ಕುಸಿಯಲ್ಲ, ನೆಲಕ್ಕೆ ಇದೇ ಸರಿ. ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಫೋಮ್ ರೋಲ್ ಆಗಿ ಸಿಗುತ್ತೆ. ಬಾಗಿದ ಚಾವಣಿಗೆ, ಡೊಂಕು ಮೂಲೆಗಳಿಗೆ ಹೇಳಿ ಮಾಡಿಸಿದಂತಿದೆ. ಸಂದಿ ಬಿಡದಂತೆ ತಗಡಿಗೆ ಅಂಟುವುದರಿಂದ ಹಿಂದೆ ತೇವ ಕೂರಲು ಜಾಗವೇ ಇರಲ್ಲ. ದುಡ್ಡು ಚಾವಣಿಗೆ ಮಾತ್ರ ಸಾಲುವುದಾದರೆ 19 ಅಥವಾ 25 ಎಂಎಂ ನೈಟ್ರೈಲನ್ನು ಅಲ್ಲಿಗೇ ಹಾಕಿ, ಗೋಡೆಗೆ ಅಗ್ಗದ್ದು ನೋಡೋಣ.

ನಿಜವಾದ ಅಗ್ಗದ ಮಾಲು ಅಂದರೆ ಕೋಲ್ಡ್ ಸ್ಟೋರೇಜ್‌ಗೆ ಬಳಸುವ, ಎರಡು ತಗಡಿನ ನಡುವೆ ಪಾಲಿಯುರೇಥೇನ್ ಫೋಮ್ ತುಂಬಿದ ಪಫ್ ಪ್ಯಾನೆಲ್‌ಗಳ ತುಂಡುಗಳು. ಪೀಣ್ಯ, ಬೊಮ್ಮಸಂದ್ರದಂಥ ಕೈಗಾರಿಕಾ ಪ್ರದೇಶಗಳಲ್ಲಿ ಪ್ಯಾನೆಲ್ ಕೆಲಸ ಮಾಡುವವರ ಹತ್ತಿರ, ಗುಜರಿಯಲ್ಲಿ ವಿಚಾರಿಸಿ. ಮೇಲಿನ ತಗಡು ಕಿತ್ತರೆ ಒಳಗಿನ ಫೋಮ್ ಅದೇ ದಪ್ಪದ ಥರ್ಮೋಕೋಲ್‌ಗಿಂತ ಚೆನ್ನಾಗಿ ತಡೆಯುತ್ತೆ. ನೀರು ಕುಡಿದು ಕಪ್ಪಾದ ತುಂಡು ಮಾತ್ರ ಬೇಡ.

ಬೇಡವೇ ಬೇಡ ಅನ್ನುವವು: ಗ್ಲಾಸ್‌ವೂಲ್ ಗಾಡಿಯ ಕುಲುಕಾಟಕ್ಕೆ ಕೆಳಗೆ ಕುಸಿದು ಕೂರುತ್ತೆ, ತೇವ ಹಿಡಿದಿಟ್ಟು ತಗಡು ತಿನ್ನಿಸುತ್ತೆ. ಇಡೀ ಗೋಡೆಗೆ ಸ್ಪ್ರೇ ಪಿಯು (ಪಾಲಿಯುರೇಥೇನ್) ಫೋಮ್ ಹೊಡೆಸಿದರೆ ನೀರು ಇಳಿಯುವ ತೂತುಗಳು ಮುಚ್ಚುತ್ತವೆ, ತೆಳ್ಳನೆ ತಗಡು ಉಬ್ಬಬಹುದು, ನಾಳೆ ಡೆಂಟ್ ತೆಗೆಯಬೇಕಾದರೆ ಟಿಂಕರಿಂಗ್‌ನವನು ಬೈಯುತ್ತಾನೆ. ಹೊಳೆಯುವ ಬಬಲ್ ಫಾಯಿಲ್ ಬಗ್ಗೆ ಒಂದು ಮಾತು: ಹೊಳಪು ಕೆಲಸ ಮಾಡುವುದು ಅದರ ಮುಂದೆ ಎರಡು ಸೆಂಟಿಮೀಟರ್ ಖಾಲಿ ಗಾಳಿ ಇದ್ದರೆ ಮಾತ್ರ. ತಗಡಿಗೂ ಪ್ಲೈವುಡ್‌ಗೂ ನಡುವೆ ಒತ್ತಿ ಸಿಕ್ಕಿಸಿದರೆ ಅದು 4 ಎಂಎಂ ಪ್ಲಾಸ್ಟಿಕ್, ಮತ್ತೇನೂ ಅಲ್ಲ.

ಅಂಟಿಸುವ ಮೊದಲು ಗಾಡಿಯನ್ನು ಅರ್ಧ ಗಂಟೆ ಪೈಪ್ ನೀರಿನಲ್ಲಿ ನೆನೆಸಿ, ಒಳಗೆ ಟಾರ್ಚ್ ಹಿಡಿದು ನೋಡಿ. ಚಾವಣಿಯ ಜೋಡಣೆ, ಕ್ಯಾರಿಯರ್ ಬೋಲ್ಟು, ಕಿಟಕಿ ಮೂಲೆ, ಹಿಂದಿನ ಲೈಟು, ಸೋರುವುದು ಇಲ್ಲೇ. ಸೋರಿಕೆಗೆ ಪಿಯು ಸೀಲಂಟ್ ಬಳಸಿ. ವಿನೆಗರ್ ವಾಸನೆ ಬರುವ ಮಾಮೂಲಿ ಸಿಲಿಕೋನ್‌ನಲ್ಲಿ ಆಮ್ಲ ಇರುತ್ತೆ, ಬರಿ ತಗಡಿನ ಮೇಲೆ ತುಕ್ಕು ಶುರು ಮಾಡುತ್ತೆ. ಆಮೇಲೆ ತುಕ್ಕಿನ ಜಾಗಗಳನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ ಎರಡು ಕೋಟ್ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಪೂರ್ತಿ ಒಣಗಲು ಬಿಡಿ. ಈ ಹಂತ ಬಿಟ್ಟವರ ಗಾಡಿಯಲ್ಲಿ ಫೋಮ್ ಹಿಂದೆ ಏನಾಗ್ತಿದೆ ಅನ್ನೋದು ತೂತು ಬಿದ್ದ ಮೇಲೇ ಗೊತ್ತಾಗುವುದು.

ಚಾವಣಿ. ತಗಡನ್ನು ಥಿನ್ನರ್ ಬಟ್ಟೆಯಿಂದ ಒರೆಸಿ. ನೈಟ್ರೈಲ್ ಆದರೆ ರಬ್ಬರ್ ಆಧಾರದ ಕಾಂಟ್ಯಾಕ್ಟ್ ಅಂಟು, ಅದರಲ್ಲೂ ಬಿಸಿ ತಡೆಯುವ ಗ್ರೇಡ್. ಬೇಸಿಗೆಯ ಚಾವಣಿ ಬಿಸಿಗೆ ಸಾಮಾನ್ಯ ಅಂಟು ಮೆತ್ತಗಾಗಿ ಶೀಟ್ ಜೋತು ಬೀಳುತ್ತೆ. ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಿ. ಬೆಳಿಗ್ಗೆ ಹೊತ್ತು, ತಗಡು ತಣ್ಣಗಿದ್ದಾಗ, ಬಾಗಿಲೆಲ್ಲ ತೆರೆದು ಮಾಡಿ. ಅಂಟಿನ ಆವಿ ತಲೆ ತಿರುಗಿಸುತ್ತೆ, ಹತ್ತಿರ ಬೆಂಕಿ ಕಂಡರೆ ಹೊತ್ತಿಕೊಳ್ಳುತ್ತೆ. ಇದೇ ಅಂಟನ್ನು ಥರ್ಮೋಕೋಲ್ ಅಥವಾ ಎಕ್ಸ್‌ಪಿಎಸ್‌ಗೆ ಹಚ್ಚಬೇಡಿ, ಕಣ್ಣೆದುರೇ ಕರಗಿ ಗುಳಿ ಬೀಳುತ್ತೆ. ಅವಕ್ಕೆ ಪಿಯು ಫೋಮ್ ಅಂಟು. ಒಂದಡಿಗಿಂತ ಕಡಿಮೆ ಅಂತರದಲ್ಲಿ ಗೆರೆ ಎಳೆದು, ಶೀಟ್ ಒತ್ತಿ, ಹಿಡಿಯುವ ತನಕ ಕೋಲು ಆನಿಸಿಡಿ.

ಗಟ್ಟಿ ಶೀಟನ್ನು ಪಟ್ಟಿಗಳ ನಡುವಿನ ಅಳತೆಗೆ ಸರಿಯಾಗಿ ಕತ್ತರಿಸಬೇಡಿ. ಸುತ್ತಲೂ 3–4 ಎಂಎಂ ಬಿಟ್ಟು, ಆ ಸಂದಿಗೆ ಮಾತ್ರ ಡಬ್ಬಿಯಿಂದ ಊದುವ ಕ್ಯಾನ್ ಫೋಮ್ ತುಂಬಿ, ಗಟ್ಟಿಯಾದ ಮೇಲೆ ಚಾಕುವಿನಲ್ಲಿ ಸವರಿ. ಕಿರಗುಟ್ಟುವುದು ತಪ್ಪುತ್ತೆ. ಚಾವಣಿಯ ಅಡ್ಡ ಪಟ್ಟಿಗಳನ್ನು ಹಾಗೇ ಬಿಟ್ಟರೆ ಶಾಖ ಅವುಗಳ ಮೂಲಕ ನೇರ ಪ್ಲೈಗೆ ಇಳಿಯುತ್ತೆ, ಚಳಿಯಲ್ಲಿ ಅಲ್ಲೇ ಗೆರೆ ಹಿಡಿದಂತೆ ನೀರು ಕೂರುತ್ತೆ. ಮೇಲೆ 6 ಎಂಎಂ ನೈಟ್ರೈಲ್ ಪಟ್ಟಿ ಅಂಟಿಸಿ, ಅದರ ಮೇಲೆ ಮರದ ರೀಪರ್, ಅದಕ್ಕೆ 4 ಎಂಎಂ ಪ್ಲೈ. ಸ್ಕ್ರೂ ಹೊರ ತಗಡು ತಲುಪದಷ್ಟು ಗಿಡ್ಡ ಇರಲಿ.

ಚಾವಣಿಯ ಮೇಲ್ಮೈಯೂ ಇನ್ಸುಲೇಶನ್ನೇ ಅಂತ ತಿಳಿಯಿರಿ. ಉರಿಬಿಸಿಲಿನಲ್ಲಿ ಒಂದು ಚದರ ಮೀಟರ್ ಮೇಲೆ ಸುಮಾರು 1000 ವ್ಯಾಟ್ ಬೀಳುತ್ತೆ. ಶುಭ್ರ ಬಿಳಿ ಬಣ್ಣ ಅದರಲ್ಲಿ ಹೆಚ್ಚೆಂದರೆ ಕಾಲು ಭಾಗ ಹೀರುತ್ತೆ, ಕಡು ಬಣ್ಣ ಮುಕ್ಕಾಲಿಗೂ ಮೀರಿ. ಧೂಳು ಕೂತ ಬಿಳಿ ಚಾವಣಿ ಬಿಳಿಯಲ್ಲ, ತೊಳೆಯುತ್ತಿರಿ. ನಿಂತ ಕಡೆ ನರ್ಸರಿಯ ಶೇಡ್ ನೆಟ್ಟನ್ನು ಚಾವಣಿಗಿಂತ ಒಂದು ಗೇಣು ಮೇಲೆ, ನಡುವೆ ಗಾಳಿ ಆಡುವಂತೆ ಕಟ್ಟಿದರೆ, ದುಬಾರಿ ಫೋಮ್‌ಗಿಂತ ಹೆಚ್ಚು ಪ್ರಯೋಜನ.

ನೆಲಕ್ಕೆ 12 ಅಥವಾ 15 ಎಂಎಂ ಎಕ್ಸ್‌ಪಿಎಸ್, ಮೇಲೆ ನೀರು ತಾಳುವ 12 ಎಂಎಂ ಐಎಸ್ 710 ಮೆರೈನ್ ಪ್ಲೈ. ಬರೀ ತೇವ ತಾಳುವ ಎಂಆರ್ ಗ್ರೇಡ್ ಅಗ್ಗ ಅಂತ ಹಾಕಿದರೆ ಮಳೆಗಾಲದಲ್ಲಿ ಪದರ ಬಿಡುತ್ತೆ. ಪ್ಲೈನ ಅಂಚುಗಳಿಗೂ ಸೀಲರ್ ಹಚ್ಚಿ. ತೂಕ ನೋಡಿಕೊಳ್ಳಿ: 20 ಚದರ ಮೀಟರ್ ಫೋಮ್ ಎಲ್ಲ ಸೇರಿದರೂ ಇಪ್ಪತ್ತು ಕೆಜಿ ಆಸುಪಾಸು, 12 ಎಂಎಂ ಪ್ಲೈ ಒಂದೇ ಚದರ ಮೀಟರಿಗೆ ಎಂಟು ಕೆಜಿ.

ಗೋಡೆಗೆ ಇದೇ ಕ್ರಮ, 25 ಎಂಎಂ ಸಾಕು. ಕೆಳಗಿನ ಅಂಚಿನ, ಬಾಗಿಲಿನೊಳಗಿನ ನೀರಿಳಿಯುವ ತೂತುಗಳನ್ನು ಮುಚ್ಚಬೇಡಿ. ಪಟ್ಟಿಗಳ ಪೊಳ್ಳಿನೊಳಗೆ ಫೋಮ್ ಊದಬೇಡಿ. ಡ್ರಿಲ್ ಹಾಕುವ ಮುಂಚೆ ಹಿಂದೆ ಡೀಸೆಲ್ ಪೈಪ್, ಬ್ರೇಕ್ ಪೈಪ್, ವೈರಿಂಗ್ ಇದೆಯಾ ಅಂತ ಬಗ್ಗಿ ನೋಡಿ.

ತೇವದ ಕಥೆ ಬೇರೆಯೇ. ಇಬ್ಬರು ಮಲಗಿದರೆ ಬೆಳಗಾಗುವುದರೊಳಗೆ ಉಸಿರು, ಬೆವರಿನಿಂದ ಅರ್ಧ ಲೀಟರಿಗೂ ಮೀರಿ ನೀರು ಗಾಳಿಗೆ ಸೇರುತ್ತೆ. ಒಂದು ಕೆಜಿ ಎಲ್‌ಪಿಜಿ ಉರಿದರೆ ಒಂದೂವರೆ ಕೆಜಿಗೂ ಹೆಚ್ಚು ನೀರಾವಿ. 20 ಡಿಗ್ರಿ, ಶೇ 60 ತೇವಾಂಶದ ಗಾಳಿ 12 ಡಿಗ್ರಿಯ ಮೈ ಮುಟ್ಟಿದರೆ ಅಲ್ಲಿ ಹನಿಗಟ್ಟುತ್ತೆ. ಆ ಗಾಳಿ ಫೋಮ್ ಹಿಂದಿನ ತಣ್ಣನೆ ತಗಡು ಮುಟ್ಟದಂತೆ ಜೋಡಣೆಗಳಿಗೆಲ್ಲ ಫಾಯಿಲ್ ಟೇಪ್ ಹಾಕಿ. ಮೇಲೊಂದು, ಕೆಳಗೊಂದು ಗಾಳಿಕಿಂಡಿ ಸದಾ ತೆರೆದಿರಬೇಕು. ಮೇಲಿನದಕ್ಕೆ 12 ವೋಲ್ಟಿನ 120 ಎಂಎಂ ಕಂಪ್ಯೂಟರ್ ಫ್ಯಾನ್ ಕೂರಿಸಿದರೆ ರಾತ್ರಿಯಿಡೀ ಓಡಿದರೂ ಬ್ಯಾಟರಿಗೆ ಭಾರವಲ್ಲ. ಹಾಸಿಗೆ ಕೆಳಗೆ ಹಲಗೆ ಬದಲು ಸಂದಿ ಬಿಟ್ಟ ಪಟ್ಟಿ ಹೊಡೆಯಿರಿ, ಇಲ್ಲದಿದ್ದರೆ ಸಕಲೇಶಪುರದಲ್ಲಿ ನಾಲ್ಕು ದಿನ ನಿಂತರೆ ಹಾಸಿಗೆಯಡಿ ಬೂಷ್ಟು.

ಸ್ಪಿತಿ ಬಗ್ಗೆ ನೇರವಾಗಿ ಹೇಳ್ತೇನೆ. ಮೇಲಿನದೆಲ್ಲ ಮಾಡಿದ ಮೇಲೂ ಗಾಳಿಕಿಂಡಿ ಸೇರಿ ಪ್ರತಿ ಡಿಗ್ರಿಗೆ ಸುಮಾರು 45 ವ್ಯಾಟ್ ಸೋರುತ್ತೆ. ಮಲಗಿದ ಇಬ್ಬರ ಮೈಶಾಖ 150ರಿಂದ 180 ವ್ಯಾಟ್. ಅಂದರೆ ಹೊರಗೆ ಮೈನಸ್ 10 ಇದ್ದರೆ ಒಳಗೆ ಮೈನಸ್ 6. ಇನ್ಸುಲೇಶನ್ ಶಾಖ ಹುಟ್ಟಿಸಲ್ಲ. ಅಲ್ಲಿಗೆ ಉರಿಯ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುವ 2 ಕಿಲೋವ್ಯಾಟ್ ಡೀಸೆಲ್ ಹೀಟರ್ ಬೇಕು, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ. ಗ್ಯಾಸ್ ಒಲೆ ಅಥವಾ ಕೆಂಡದ ಅಗ್ಗಿಷ್ಟಿಕೆ ಹಚ್ಚಿ ಮಲಗಿದರೆ ಪ್ರಾಣ ಹೋಗುತ್ತೆ. ಚಿಕ್ಕಮಗಳೂರು, ಮಡಿಕೇರಿಯ ಚಳಿಗೆ ಇದ್ಯಾವುದೂ ಬೇಡ, ಪರದೆ, ಕಿಟಕಿ ಫಲಕ, ಒಂದು ರಗ್ಗು ಸಾಕು. ಕರಾವಳಿಯಲ್ಲಿ ಹಗಲಿಗೂ ರಾತ್ರಿಗೂ ಬಿಸಿಯಲ್ಲಿ ಹೆಚ್ಚು ವ್ಯತ್ಯಾಸ ಇರಲ್ಲ, ಅಲ್ಲಿ ಫೋಮ್‌ಗಿಂತ ಫ್ಯಾನಿಗೆ ದುಡ್ಡು ಹಾಕಿ.

ಸೀಟು ಕಿತ್ತು ಒಳವಿನ್ಯಾಸ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಬರುತ್ತೆ. ಪ್ಲೈ ಹೊಡೆದು ಮುಗಿಸಿದ ಮೇಲೆ ಅಲ್ಲ, ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.