ಅಮ್ಮನಿಗೆ ಮರೆವು, ಜೊತೆಗೆ ಹೃದಯದ ತೊಂದರೆ. ಹೇಗೆ ನೋಡಿಕೊಳ್ಳುವುದು?

ನಿಮ್ಮ ಅಮ್ಮನಿಗೆ 78 ವರ್ಷ, ಡಿಮೆನ್ಶಿಯಾ (ಮರೆವಿನ ಕಾಯಿಲೆ) ಜೊತೆಗೆ ಹಾರ್ಟ್ ಫೇಲ್ಯೂರ್ (ಹೃದಯಕ್ಕೆ ರಕ್ತವನ್ನು ಸಾಕಷ್ಟು ಪಂಪ್ ಮಾಡಲಾಗದ ಸ್ಥಿತಿ) ಇದೆ, ಮಾತ್ರೆ ಉಗಿದುಬಿಡುತ್ತಾರೆ, ರಾತ್ರಿ ಮಲಗುವುದಿಲ್ಲ ಅಂತ ಬರೆದಿದ್ದೀರಿ. ಕಾಯಿಲೆಯ ವಿಷಯ ಅವರಿಗೆ ಮತ್ತೆ ಮತ್ತೆ ಹೇಳಬೇಕಾ ಅಂತಲೂ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಇವೇ ಎರಡು ಕಾಯಿಲೆ ಇರುವ ಅಮ್ಮನನ್ನು ಐದು ವರ್ಷದಿಂದ ನೋಡಿಕೊಳ್ಳುತ್ತಿರುವ ಮಗಳು.

ಮೊದಲು ನಾನು ಮಾಡಿದ ತಪ್ಪು ಕೇಳಿ. ಎರಡನೇ ವರ್ಷ ಇರಬೇಕು, ಅಮ್ಮ ಇದ್ದಕ್ಕಿದ್ದಂತೆ ರಾತ್ರಿ ಮಲಗುವುದನ್ನೇ ಬಿಟ್ಟರು. ಮಲಗಿಸಿ ಈಚೆ ಬರುವಷ್ಟರಲ್ಲಿ ಎದ್ದು ಕೂತಿರುತ್ತಿದ್ದರು. ಇಲ್ಲವೇ ದಿಂಬುಗಳನ್ನೆಲ್ಲ ಬೆನ್ನ ಹಿಂದೆ ಒಟ್ಟಿಕೊಂಡು "ನನ್ನ ಮನೆಗೆ ಕಳಿಸು" ಅನ್ನುತ್ತಿದ್ದರು. ಮರೆವು ಜಾಸ್ತಿಯಾಯಿತು ಅಂದುಕೊಂಡೆ. ಮೂರನೇ ರಾತ್ರಿ ರೇಗಿಯೂಬಿಟ್ಟೆ. ಮಾರನೇ ಬೆಳಿಗ್ಗೆ ನೋಡಿದರೆ ಅವರ ಕಾಲು ಚಪ್ಪಲಿಯೊಳಗೆ ಹೋಗುತ್ತಿಲ್ಲ. ಪಾದವನ್ನು ಹೆಬ್ಬೆರಳಿನಿಂದ ಒತ್ತಿದೆ, ಬಿದ್ದ ಗುಳಿ ಹಾಗೇ ನಿಂತಿತು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅದನ್ನು ಹೇಳುವುದಕ್ಕೆ ಅವರಿಗೆ ಮಾತು ಸಿಗುತ್ತಿರಲಿಲ್ಲ, ಅಷ್ಟೇ.

ಆಮೇಲೆ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ದಿನಾ ತೂಕ ನೋಡ್ತಿದ್ರಾ?" ನೋಡುತ್ತಿರಲಿಲ್ಲ.

ಹಾರ್ಟ್ ಫೇಲ್ಯೂರ್ ಇದ್ದವರಿಗೆ ಮೈಯಲ್ಲಿ ನೀರು ನಿಲ್ಲುವುದು ಎಷ್ಟೋ ಸಲ ಕಾಲು ಊದುವ ಮೊದಲೇ ತೂಕದಲ್ಲಿ ಕಾಣುತ್ತದೆ. ಬೆಳಿಗ್ಗೆ ಎದ್ದು ಮೂತ್ರ ಮಾಡಿಸಿದ ಮೇಲೆ, ಏನೂ ತಿನ್ನುವ ಮೊದಲು, ಹೆಚ್ಚುಕಡಿಮೆ ಅದೇ ತೂಕದ ಬಟ್ಟೆಯಲ್ಲಿ ನೋಡಿ. ಒಂದು ದಿನದಲ್ಲಿ 1 ಕಿಲೋಗಿಂತ ಜಾಸ್ತಿ ಅಥವಾ ವಾರದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ ಡಾಕ್ಟರಿಗೆ ಫೋನ್ ಮಾಡಿ ತಿಳಿಸಬೇಕು. ನಿಮ್ಮ ಅಮ್ಮನಿಗೆ ಎಷ್ಟು ಅನ್ನುವುದನ್ನು ಡಾಕ್ಟರ್ ಹತ್ತಿರವೇ ಕೇಳಿ ಬರೆದಿಟ್ಟುಕೊಳ್ಳಿ.

ಹೇಳುವಷ್ಟು ಸುಲಭವಲ್ಲ ಬಿಡಿ. ನಮ್ಮ ತೂಕದ ಯಂತ್ರದ್ದು ಕಪ್ಪು ಗಾಜು. ಅಮ್ಮ ಅದರ ಮೇಲೆ ಕಾಲಿಡಲು ಸುತಾರಾಂ ಒಪ್ಪಲಿಲ್ಲ. ಹಟ ಅಂದುಕೊಂಡು ಒಂದು ವಾರ ಜಗಳ ಆಡಿದೆ. ಒಂದು ದಿನ "ಗುಂಡಿಗೆ ಬೀಳ್ತೀನಿ" ಅಂದರು. ಆಗ ಗೊತ್ತಾಯಿತು, ನೆಲದ ಮೇಲಿನ ಕಪ್ಪು ಚೌಕ ಅವರ ಕಣ್ಣಿಗೆ ಗುಂಡಿಯಾಗಿ ಕಾಣುತ್ತಿದೆ. ಬಿಳಿ ಕಾಗದ ಅಂಟಿಸಿದೆ. ಈಗ ಎರಡೂ ಕೈ ಹಿಡಿದು ಹತ್ತಿಸುತ್ತೇನೆ, ಒಂದೇ ಗಳಿಗೆ ಕೈ ಬಿಡುತ್ತೇನೆ, ಅಂಕಿ ನೋಡಿಕೊಳ್ಳುತ್ತೇನೆ. ಬಾಗಿಲ ಮುಂದೆ ಕಪ್ಪು ಕಾಲೊರಸು ಇದ್ದರೆ ಅದನ್ನೂ ತೆಗೆದುಬಿಡಿ.

ಇನ್ನೊಂದು ಮಾತು. ಡಿಮೆನ್ಶಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಹದಗೆಡುವ ಕಾಯಿಲೆ. ಒಂದೆರಡು ದಿನದಲ್ಲೇ ಗೊಂದಲ ಜಾಸ್ತಿಯಾದರೆ, ಅಥವಾ ದಿನವಿಡೀ ಮಂಪರಿನಲ್ಲಿದ್ದರೆ "ವಯಸ್ಸಾಯ್ತು" ಅಂತ ಸುಮ್ಮನಿರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಹೊಸ ಮಾತ್ರೆ, ಹೃದಯ, ಏನು ಬೇಕಾದರೂ ಇರಬಹುದು. ಅವತ್ತೇ ತೋರಿಸಿ. ಕೂತಲ್ಲೇ ಏದುಸಿರು, ತುಟಿ ನೀಲಿಯಾಗುವುದು, ತಣ್ಣನೆ ಬೆವರು, ಎದೆ ಹಿಡಿದುಕೊಂಡು ಮುಖ ಕಿವುಚುವುದು, ಎಚ್ಚರ ತಪ್ಪುವುದು ಕಂಡರೆ ಒಂದು ನಿಮಿಷವೂ ಕಾಯಬೇಡಿ. ನೋವು ಇದೆಯಾ ಅಂತ ಕೇಳಿದರೆ ನಮ್ಮಮ್ಮ ಯಾವಾಗಲೂ "ಇಲ್ಲ" ಅನ್ನುತ್ತಾರೆ. ನಾನು ಮುಖ ನೋಡುತ್ತೇನೆ.

ಮಾತ್ರೆ ಉಗಿದರೆ ಬಲವಂತ ಮಾಡಬೇಡಿ. ಎದ್ದು ಹೋಗಿ, ಹದಿನೈದು ನಿಮಿಷ ಬಿಟ್ಟು ಏನೂ ಆಗದವರ ಹಾಗೆ ಮತ್ತೆ ಬನ್ನಿ. ಅವರು ಮೊದಲಿನ ಜಗಳ ಮರೆತಿರುತ್ತಾರೆ. ಈ ಕಾಯಿಲೆಯಿಂದ ನಮಗೆ ಆಗುವ ಒಂದೇ ಉಪಕಾರ ಅದು! ಪುಡಿ ಮಾಡಿ ಕೊಡುವ ಮುಂಚೆ ಮಾತ್ರ ಕೇಳಿಕೊಳ್ಳಿ, ನಿಧಾನವಾಗಿ ಕರಗಬೇಕಾದ ಮಾತ್ರೆಗಳನ್ನು ಪುಡಿ ಮಾಡಬಾರದು. ಮೂತ್ರ ಹೋಗಿಸುವ ಮಾತ್ರೆಯನ್ನು ಬೆಳಿಗ್ಗೆಯೇ ಕೊಡಬಹುದಾ ಕೇಳಿ. ನಮ್ಮಲ್ಲಿ ಎರಡನೇ ಡೋಸ್ ಸಂಜೆಯಿಂದ ಮಧ್ಯಾಹ್ನಕ್ಕೆ ಬದಲಾಯಿಸಿದ ಮೇಲೆ ರಾತ್ರಿಯ ಓಡಾಟ ಅರ್ಧಕ್ಕರ್ಧ ಕಡಿಮೆಯಾಯಿತು.

ಹೃದಯದ ಡಾಕ್ಟರ್, ಮರೆವಿನ ಡಾಕ್ಟರ್ ಬೇರೆ ಬೇರೆಯಾಗಿದ್ದರೆ ಇಬ್ಬರಿಗೂ ಮಾತ್ರೆಗಳ ಪೂರ್ತಿ ಪಟ್ಟಿ ತೋರಿಸಿ. ಮರೆವಿಗೆ ಕೊಡುವ ಡೊನೆಪೆಜಿಲ್ ಕೆಲವರಲ್ಲಿ ಹೃದಯದ ಬಡಿತ ನಿಧಾನ ಮಾಡುತ್ತದೆ, ತಲೆಸುತ್ತಿ ಬೀಳಬಹುದು. ಮಂಡಿ ನೋವಿಗೆ ಅಂತ ಸುಮ್ನೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡಬೇಡಿ, ಅವು ಮೈಯಲ್ಲಿ ನೀರು ನಿಲ್ಲಿಸುತ್ತವೆ. ನಿದ್ದೆ ಬರಿಸುವ ಶೀತದ ಮಾತ್ರೆಗಳು ಗೊಂದಲ ಹೆಚ್ಚಿಸುತ್ತವೆ.

ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರ್ ನಿಮಗೆ ಆಗಲೇ ಹೇಳಿರುತ್ತಾರೆ. ನಾನು ಕಲಿತದ್ದು ಇಷ್ಟೇ: ಉಪ್ಪಿನ ಡಬ್ಬಿ ಕಣ್ಣಿಗೆ ಬೀಳದಿದ್ದರೆ ಅದರ ನೆನಪೂ ಅವರಿಗೆ ಬರುವುದಿಲ್ಲ.

ಕಾಯಿಲೆಯ ವಿಷಯ ಮತ್ತೆ ಮತ್ತೆ ಹೇಳಬೇಕಾ ಅಂದಿರಲ್ಲ, ನಾನು ಹೇಳುವುದಿಲ್ಲ. ಪ್ರತಿ ಸಲವೂ ಅವರಿಗೆ ಅದು ಹೊಸ ಸುದ್ದಿ, ಪ್ರತಿ ಸಲವೂ ಹೊಸದಾಗಿ ಹೆದರುತ್ತಾರೆ. ಮಾತ್ರೆ ನೋಡಿ "ಇದು ಯಾಕೆ?" ಅಂದರೆ "ಉಸಿರಾಡೋಕೆ ಸಲೀಸಾಗ್ಲಿ ಅಂತ" ಅನ್ನುತ್ತೇನೆ. ಸುಳ್ಳೇನಲ್ಲ ಅಲ್ವಾ.

ನಿಮ್ಮ ನಿದ್ದೆಯ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ವಾರಕ್ಕೆ ಎರಡು ರಾತ್ರಿಯಾದರೂ ಬೇರೆ ಯಾರಾದರೂ ಅಮ್ಮನ ಹತ್ತಿರ ಮಲಗಲಿ. ಒಡಹುಟ್ಟಿದವರು ಇದ್ದರೆ "ಸಹಾಯ ಮಾಡಿ" ಅನ್ನಬೇಡಿ, "ಶುಕ್ರವಾರ, ಶನಿವಾರ ರಾತ್ರಿ ನಿಂದು" ಅನ್ನಿ. ನನ್ನ ತಮ್ಮ ದಾರಿಗೆ ಬಂದದ್ದು ಹಾಗೇ.

ಕೊನೆಗೆ, ಅಮ್ಮನಿಗೆ ಇನ್ನೂ ಮಾತು ಅರ್ಥವಾಗುವ ಹೊತ್ತುಗಳಿದ್ದರೆ, ಮುಂದೆ ತೀರಾ ಕಷ್ಟವಾದಾಗ ಏನು ಬೇಕು, ಏನು ಬೇಡ ಅಂತ ಈಗಲೇ ಕೇಳಿಬಿಡಿ. ನಾನು ಮೂರು ಸಲ ಬೇರೆ ಬೇರೆ ದಿನ ಕೇಳಿದೆ. ಮೂರು ಸಲವೂ "ಟ್ಯೂಬು ಗೀಬು ಬೇಡ, ನೀನು ಪಕ್ಕದಲ್ಲಿರು" ಅಂದರು. ತಾರೀಖು ಹಾಕಿ ಬರೆದೆ, ತಮ್ಮನಿಗೂ ಓದಿಸಿದೆ, ಡಾಕ್ಟರಿಗೂ ತೋರಿಸಿದೆ. ಈಗ ಅದು ಮಾತ್ರೆ ಪಟ್ಟಿಯ ಜೊತೆ ಅದೇ ಫೈಲಿನಲ್ಲಿದೆ.