ಪತ್ರಿಕೆಯ ಲೇಖನವನ್ನು ‘ಕೃಪೆ’ ಹಾಕಿ ಪೂರ್ತಿ ಮರುಪ್ರಕಟಿಸಬಹುದೇ?

ಇಲ್ಲ. ‘ಕೃಪೆ’ ಅಂತ ಬರೆದರೆ ಸೌಜನ್ಯವಾಯಿತು, ಅನುಮತಿ ಆಗಲಿಲ್ಲ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ನ್ಯಾಯೋಚಿತ ಬಳಕೆಗೆ ಅವಕಾಶವಿರುವುದು ಖಾಸಗಿ ಉಪಯೋಗ ಹಾಗೂ ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿಗೆ. ಅಮೆರಿಕದ ‘ಫೇರ್ ಯೂಸ್’ನಷ್ಟು ಸಡಿಲವಲ್ಲ. ‘ಹತ್ತು ಪರ್ಸೆಂಟ್ ತನಕ ಪರವಾಗಿಲ್ಲ’ ಎಂದು ಹೇಳುವವರಿದ್ದಾರಲ್ಲ, ಅಂಥ ಲೆಕ್ಕ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನೀವು ಚರ್ಚಿಸುವ ಎರಡು ಮೂರು ವಾಕ್ಯಗಳನ್ನಷ್ಟೇ ಉದ್ಧರಿಸಿ, ಉಳಿದದ್ದನ್ನು ನಿಮ್ಮ ಮಾತಿನಲ್ಲಿ ಬರೆದು, ಮೂಲದ ಲಿಂಕ್ ಕೊಡಿ. ಸುದ್ದಿಯ ಸಂಗತಿಗೆ ಕೃತಿಸ್ವಾಮ್ಯವಿಲ್ಲ; ಅದನ್ನು ಬರೆದ ಬಗೆಗೆ ಇದೆ. ಜತೆಗಿನ ಫೋಟೊ ಬೇರೆಯೇ ಕೃತಿ, ಅದಕ್ಕೆ ಬೇರೆ ಅನುಮತಿ. ಅನುವಾದಕ್ಕೂ ಅಷ್ಟೇ.

ಅನುಮತಿಯನ್ನು ಇಮೇಲಿನಲ್ಲೇ ಕೇಳಿ: ಯಾವ ಲೇಖನ, ಎಲ್ಲಿ ಹಾಕುತ್ತೀರಿ, ಎಷ್ಟು ಕಾಲ. ಪತ್ರಿಕೆಯ ಸಿಬ್ಬಂದಿ ಬರೆದದ್ದಾದರೆ ಪತ್ರಿಕೆಯನ್ನು ಕೇಳಿ. ಹೊರಗಿನ ಬರಹಗಾರರದ್ದಾದರೆ ಹಕ್ಕು ಅವರಲ್ಲೇ ಉಳಿದಿರಬಹುದು, ಮೊದಲು ಅವರನ್ನೇ ವಿಚಾರಿಸಿ.

ಹಳೆಯ ಬರಹವಾದರೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಎಣಿಸಿ. 1964ರಲ್ಲಿ ತೀರಿಕೊಂಡವರು ಬದುಕಿದ್ದಾಗ ಪ್ರಕಟಿಸಿದ ಲೇಖನ 2025ರ ಜನವರಿ 1ರಿಂದ ಮುಕ್ತ. ಕೋರ್ಟಿನ ತೀರ್ಪುಗಳಿಗಾದರೆ ಇಷ್ಟು ಕಾಯಬೇಕಿಲ್ಲ. ಕೋರ್ಟೇ ನಿಷೇಧಿಸದಿದ್ದರೆ ಪೂರ್ತಿ ಹಾಕಬಹುದು.