ರಕ್ತಕ್ಕೂ ವಯಸ್ಸಾಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 76. ಮಾಟುಂಗಾದ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದೆ. ಈಗ ಸ್ಟೇಷನ್ ಬ್ರಿಜ್ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ. ಹಿಮೋಗ್ಲೋಬಿನ್ 10.2, ಎಂಸಿವಿ 72. ಮಂಡಿನೋವಿನ ಮಾತ್ರೆ ಬಿಟ್ಟರೆ ಬೇರೆ ಔಷಧಿ ಇಲ್ಲ. ಸ್ಟೆಮ್ ಸೆಲ್‌ಗೆ ವಯಸ್ಸಾಗಿದೆ, ಇಂಜೆಕ್ಷನ್ ಹಾಕಿಸಿದರೆ ರಕ್ತ ಹೊಸದಾಗುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಹಾಕಿಸಲಾ?
– ಓದುಗರು, ಡೊಂಬಿವಲಿ

ಉತ್ತರ: ಬೇಡ. ದುಡ್ಡು ಹಾಗೇ ಇಟ್ಟುಕೊಳ್ಳಿ.

ಸ್ಟೆಮ್ ಸೆಲ್‌ಗೆ ವಯಸ್ಸಾಗುವುದೇನೋ ನಿಜ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಎಲುಬಿನ ಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳಿಂದ ಹೊಸ ರಕ್ತ ಹುಟ್ಟುತ್ತಲೇ ಇರಬೇಕು. ಹರೆಯದಲ್ಲಿ ಈ ಕೆಲಸ ಹತ್ತಾರು ಸಾವಿರ ಸ್ಟೆಮ್ ಸೆಲ್‌ಗಳಿಗೆ ಹಂಚಿ ಹೋಗಿರುತ್ತದೆ. ಇಂಗ್ಲೆಂಡಿನ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 75 ದಾಟಿದವರ ರಕ್ತದ 30ರಿಂದ 60 ಪರ್ಸೆಂಟ್ ಬರೀ ಹತ್ತಿಪ್ಪತ್ತು ಸ್ಟೆಮ್ ಸೆಲ್‌ಗಳ ಸಂತಾನವಾಗಿತ್ತು. ನಿಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಇಬ್ಬರೇ ಭಟ್ಟರು ಉಳಿದು, ಊಟವೆಲ್ಲ ಅವರದೇ ಕೈರುಚಿಗೆ ತಿರುಗಿದ ಹಾಗೆ. ಡಿಎನ್‌ಎಂಟಿ3ಎ, ಟೆಟ್2 ಮುಂತಾದ ಜೀನುಗಳಲ್ಲಿ ಬದಲಾವಣೆಯಾದ ಕೋಶಗಳು ಉಳಿದವನ್ನು ಹಿಂದೆ ಹಾಕಿ ಹಬ್ಬುತ್ತವೆ. ಇದು ಕ್ಯಾನ್ಸರ್ ಅಲ್ಲ. ಆದರೆ ರಕ್ತದ ಕ್ಯಾನ್ಸರ್, ಹೃದಯಾಘಾತ ಎರಡರ ಅಪಾಯವೂ ಜಾಸ್ತಿಯಾಗುತ್ತದೆ. ಸೋಂಕಿನ ವಿರುದ್ಧ ಹೋರಾಡುವ ಲಿಂಫೋಸೈಟ್‌ಗಳ ಉತ್ಪಾದನೆಯೂ ಇಳಿಯುತ್ತದೆ.

ನಿಮ್ಮ ರಿಪೋರ್ಟ್ ಮಾತ್ರ ಬೇರೆಯೇ ಕಥೆ ಹೇಳುತ್ತಿದೆ. ಎಂಸಿವಿ ಅಂದರೆ ಕೆಂಪು ಕಣದ ಗಾತ್ರ. 80ರಿಂದ 100 ಇರಬೇಕಾದದ್ದು ನಿಮಗೆ 72 ಇದೆ. ಮಜ್ಜೆ ಸೊರಗಿದಾಗ ಕಣಗಳು ಸಾಮಾನ್ಯವಾಗಿ ಇದ್ದ ಹಾಗೇ ಇರುತ್ತವೆ, ಇಲ್ಲವೇ ದೊಡ್ಡದಾಗುತ್ತವೆ. ಇಷ್ಟು ಚಿಕ್ಕದಾದರೆ ಮೊದಲ ಅನುಮಾನ ಕಬ್ಬಿಣದ ಕೊರತೆಯ ಮೇಲೆ. ಅಂಥ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ನಡುವೆ ಬಿಳಿಚಿಕೊಂಡು, ಅಂಚಿನಲ್ಲಷ್ಟೇ ತೆಳ್ಳಗೆ ಕೆಂಪಿರುವ ಕಣಗಳು ಕಾಣುತ್ತವೆ. ಲ್ಯಾಬಿನಲ್ಲಿ ಇದನ್ನು ನೋಡಿ ನೋಡಿ ನನ್ನ ಕಣ್ಣು ಪಳಗಿದೆ. 'ವಯಸ್ಸಾಯ್ತಲ್ಲ' ಅಂತ ಸುಮ್ನೆ ಬಿಟ್ಟುಬಿಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಈ ವಯಸ್ಸಿನ ಗಂಡಸಿಗೆ ಕಬ್ಬಿಣ ಕಮ್ಮಿಯಾದರೆ, ಹೊಟ್ಟೆಯಲ್ಲೋ ಕರುಳಲ್ಲೋ ರಕ್ತ ಸೋರುತ್ತಿದೆಯಾ ಎಂದು ನೋಡಲೇಬೇಕು. ಮಂಡಿನೋವಿನ ಮಾತ್ರೆ ಯಾವುದು ಅಂತ ನೀವು ಬರೆದಿಲ್ಲ. ಡೈಕ್ಲೊಫೆನಾಕ್ ಜಾತಿಯದ್ದಾದರೆ ಅದರಿಂದಲೇ ಜಠರದಲ್ಲಿ ಹುಣ್ಣಾಗಿರಬಹುದು. ಕರುಳಿನ ಗಡ್ಡೆಯೂ ಇರಬಹುದು. ಮೈಯಲ್ಲಿ ಕಬ್ಬಿಣ ಎಷ್ಟು ದಾಸ್ತಾನಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಅದು ಕಮ್ಮಿ ಬಂದರೆ ಕ್ಯಾಮೆರಾ ಕೊಳವೆಯಿಂದ ಜಠರ ನೋಡುವ ಎಂಡೋಸ್ಕೋಪಿ, ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ ಎರಡಕ್ಕೂ ಹಿಂಜರಿಯಬೇಡಿ. ಬರೀ ಕಬ್ಬಿಣದ ಮಾತ್ರೆ ನುಂಗಿದರೆ ಹಿಮೋಗ್ಲೋಬಿನ್ ಏರೀತು, ಸೋರುವ ಜಾಗ ಹಾಗೇ ಉಳಿದೀತು.

ಇನ್ನು ಆ ಇಂಜೆಕ್ಷನ್. ಲ್ಯುಕೇಮಿಯಾ, ಥಲಸ್ಸೇಮಿಯಾದಂಥ ಕಾಯಿಲೆಗಳಿಗೆ ಮಜ್ಜೆ ಕಸಿ ಉಂಟು, ಅದು ದೊಡ್ಡಾಸ್ಪತ್ರೆಯ ಕೆಲಸ. ರಕ್ತಕ್ಕೆ ಯೌವನ ಕೊಡುವ ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಒಂದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಕೂಡ ಒಪ್ಪಿಗೆ ಪಡೆದ ಮಜ್ಜೆ ಕಸಿ ಬಿಟ್ಟು ಉಳಿದ ಬಳಕೆಯನ್ನು ಇನ್ನೂ ಪ್ರಯೋಗ ಎಂದೇ ನೋಡುತ್ತದೆ.

ಮಲ ಟಾರಿನ ಹಾಗೆ ಕಪ್ಪಗಾದರೆ ಒಳಗೆ ರಕ್ತ ಸೋರುತ್ತಿರಬಹುದು. ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.